ಅಪ್ಪನ ರಿವಾಲ್ವರ್: ತುಕ್ಕಿನ ಅಡಿ ಏನಿತ್ತು

ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ರಿವಾಲ್ವರ್. ಐದು ತೋಟಾದ ಸಿಲಿಂಡರ್, ಎರಡೂವರೆ ಇಂಚಿನ ನಳಿಗೆ, ಕೊಕ್ಕಿನ ಹಾಗೆ ಬಾಗಿದ ಮರದ ಹಿಡಿ. ಒಂದು ಕಾಲಕ್ಕೆ ಮೈಯೆಲ್ಲ ನಿಕ್ಕಲ್ ಲೇಪನ ಇತ್ತು. ಈಗ ಅರ್ಧಕ್ಕರ್ಧ ಕಿತ್ತುಹೋಗಿ ಆ ಜಾಗವೆಲ್ಲ ಕೆಂಪು ತುಕ್ಕು. ಅಜ್ಜ ಊರಿನ ಪಟೇಲರಾಗಿದ್ದಾಗ, ಕಂದಾಯದ ಹಣ ಕಚೇರಿಗೆ ಒಯ್ಯುವ ದಿನ ಇದು ಅವರ ಸೊಂಟದಲ್ಲಿರುತ್ತಿತ್ತಂತೆ. 1961ರ ಕಾಯ್ದೆ ಬಂದು ಪಟೇಲಿಕೆ ಹೋಯಿತು, ರಿವಾಲ್ವರ್ ಉಳಿಯಿತು. ಅಪ್ಪನ ಹೆಸರಿಗೆ ಬಂದ ಮೇಲೆ ಅವರ ನೌಕರಿಯ ಜೊತೆ ಕಾರವಾರಕ್ಕೆ ಹೋಗಿ, ಸಮುದ್ರದ ಹತ್ತಿರದ ಬಾಡಿಗೆ ಮನೆಯ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದು, ನಿವೃತ್ತಿಯ ನಂತರ ಶಿರಸಿಯ ಮನೆಗೆ ವಾಪಸ್ ಬಂತು.

ಲೈಸೆನ್ಸ್ ಪುಸ್ತಕದಲ್ಲಿ ಬರೆದಿದ್ದು: ‘ರಿವಾಲ್ವರ್, .32 ಬೋರ್, ವೆಬ್ಲಿ, ಇಂಗ್ಲೆಂಡ್’. ಬೋರ್ ಎಂದರೆ ನಳಿಗೆಯ ಒಳ ಅಳತೆ, ವೆಬ್ಲಿ ಎಂದರೆ ಇಂಗ್ಲೆಂಡಿನ ಕೋವಿ ಕಂಪನಿ. ನಮ್ಮನೆಯಲ್ಲೂ ಎಲ್ಲರೂ ಅದನ್ನೇ ನಂಬಿದ್ದರು. ತೊಂದರೆ ಇದ್ದದ್ದು ಆಯುಧದ ಮೇಲೆ ಒತ್ತಿದ ನಂಬರಿನಲ್ಲಿ. ನಮ್ಮ ಕಡೆ ಕೋವಿ ಇರುವ ಮನೆಯವರಿಗೆಲ್ಲ ಗೊತ್ತು, ಚುನಾವಣೆ ಘೋಷಣೆಯಾದರೆ ಕೋವಿ ಠಾಣೆಗೆ ಹೋಗಬೇಕು, ಮುಗಿದ ಮೇಲೆ ವಾಪಸ್ ತರಬೇಕು. ಅಪ್ಪ ಪ್ರತಿ ಸಲದ ರಸೀದಿಯನ್ನೂ ಲೈಸೆನ್ಸಿನ ಜೊತೆ ಪಿನ್ನು ಹಾಕಿ ಇಟ್ಟಿದ್ದರು. ಅವನ್ನೆಲ್ಲ ಸಾಲಾಗಿ ಹರಡಿ ನೋಡಿದರೆ ಕೆಲವದರಲ್ಲಿ ನಂಬರಿನ ಕೊನೆಯ ಅಂಕಿ 1, ಕೆಲವದರಲ್ಲಿ 7, ಒಂದೆರಡರಲ್ಲಿ ಕೊನೆಯ ಅಂಕಿಯೇ ಇಲ್ಲ. ಬರೆದವರನ್ನು ದೂರುವಂತಿಲ್ಲ. ತುಕ್ಕಿನ ಪದರದ ಮೇಲೆ ಕಂಡಷ್ಟನ್ನು ಬರೆದುಕೊಂಡಿದ್ದಾರೆ.

ಅಪ್ಪ ತೀರಿಕೊಂಡ ಮೇಲೆ ಈ ನಂಬರೇ ಮುಖ್ಯವಾಯಿತು. ಲೈಸೆನ್ಸ್ ಇದ್ದವರು ಹೋದ ಕ್ಷಣದಿಂದ ಮನೆಯವರ ಕೈಲಿ ಆಯುಧ ಇರುವುದು ಕಾನೂನುಬಾಹಿರ. 1959ರ ಆಯುಧ ಕಾಯ್ದೆಯ 21ನೇ ಕಲಮಿನ ಪ್ರಕಾರ ತಡಮಾಡದೆ ಅದನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಠೇವಣಿ ಇಡಬೇಕು. ನಾವು ಹುಬ್ಬಳ್ಳಿಯ ಒಬ್ಬ ಡೀಲರ್ ಹತ್ತಿರ ಇಟ್ಟೆವು. ಅಲ್ಲಿ ರಿಪೇರಿ ಕೆಲಸದ ಪರವಾನಗಿಯೂ ಇದೆ ಎಂಬ ಕಾರಣಕ್ಕೆ. ಆಮೇಲೆ 2016ರ ಆಯುಧ ನಿಯಮಗಳ 25ನೇ ನಿಯಮದಡಿ ವಾರಸುದಾರನಾಗಿ ನನ್ನ ಹೆಸರಿಗೆ ಅರ್ಜಿ ಹಾಕಿದ್ದು: ಮರಣ ಪ್ರಮಾಣಪತ್ರ, ಆಯಿ ಮತ್ತು ಅಕ್ಕನ ಒಪ್ಪಿಗೆ ಪತ್ರ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಕಾರವಾರದ ಜಿಲ್ಲಾಧಿಕಾರಿ ಕಚೇರಿ. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಹೋಗುವ ಆ ದಾರಿ ಈಗ ಬಾಯಿಪಾಠ. ಇನ್ನೊಂದು ಲೆಕ್ಕವನ್ನೂ ನೋಡಿಕೊಳ್ಳಬೇಕಿತ್ತು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ, ಪಿತ್ರಾರ್ಜಿತವೂ ಆ ಎರಡರೊಳಗೇ. ತೋಟಕ್ಕೆ ಹಂದಿ, ಮಂಗನ ಕಾಟಕ್ಕೆಂದು ಬೆಳೆ ರಕ್ಷಣೆಯ ಒಂಟಿನಳಿಗೆ ಕೋವಿ ನನ್ನ ಹೆಸರಿಗೆ ಮೊದಲೇ ಇದೆ. ಇದು ಸೇರಿದರೆ ಎರಡು, ಅಲ್ಲಿಗೆ ಮುಗಿಯಿತು.

ಕಚೇರಿಯಿಂದ ಬಂದ ಪ್ರಶ್ನೆ ಸರಳ, ನ್ಯಾಯವಾದದ್ದು ಕೂಡ: ಆಯುಧದ ಮೇಲಿರುವ ನಂಬರ್ ನಿಖರವಾಗಿ ಎಷ್ಟು, ಡೀಲರ್ ನೋಡಿ ಬರೆದುಕೊಡಲಿ. ಅದನ್ನು ಓದಬೇಕೆಂದರೆ ತುಕ್ಕು ತೆಗೆಯಬೇಕು. ಕೆಲಸ ಶುರುವಾಗಿದ್ದು ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಯುಧ ಬಿಚ್ಚುವುದು, ರಿಪೇರಿ ಮಾಡುವುದು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ. ಕಾಯ್ದೆಯ 5ನೇ ಕಲಮು ರಿಪೇರಿಗೂ ಪರವಾನಗಿ ಕೇಳುತ್ತದೆ. ಹಾಗಾಗಿ ಎಲ್ಲವೂ ಡೀಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಲ್ಲಿನ ಮಿಸ್ತ್ರಿಯ ಕಣ್ಣೆದುರೇ ನಡೆದದ್ದು. ಬಿಚ್ಚಿದ್ದು, ಜೋಡಿಸಿದ್ದು ಅವರು. ಮೇಲ್ಮೈ ಒರೆಸಿದ್ದು, ಗುರುತು ಓದಿದ್ದು, ಟಿಪ್ಪಣಿ ಮಾಡಿದ್ದು ನಾನು. ನಲವತ್ತು ವರ್ಷದಿಂದ ಕೋವಿ ಕೆಲಸ ಮಾಡಿದ ಕೈ ಅವರದ್ದು. ಅವರು ಹತ್ತಿರ ಕೂರಿಸಿಕೊಂಡು ಕಲಿಸದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮೊದಲ ಕೆಲಸ, ಒಳಗೆ ತೋಟಾ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಈ ಜಾತಿಯ ರಿವಾಲ್ವರ್ ನಡು ಮುರಿದು ತೆರೆಯುವುದಿಲ್ಲ, ಸಿಲಿಂಡರ್ ಪಕ್ಕಕ್ಕೂ ಬರುವುದಿಲ್ಲ. ಬಲಗಡೆ ಹಿಂಬದಿಗೆ ಒಂದು ಚಿಕ್ಕ ಬಾಗಿಲು. ಅದನ್ನು ತೆರೆದು, ಸಿಲಿಂಡರ್ ತಿರುಗಿಸುತ್ತ ಒಂದೊಂದೇ ತೋಟಾ ತುಂಬಬೇಕು, ಒಂದೊಂದೇ ತೆಗೆಯಬೇಕು. ಖಾಲಿ ಕೊಳವೆ ದೂಡುವ ಕಡ್ಡಿ ಸಿಲಿಂಡರಿನ ನಡುವಿನ ಅಚ್ಚಿನೊಳಗೇ ಅಡಗಿರುತ್ತದೆ. ಮುಂದಕ್ಕೆ ಎಳೆದು ಪಕ್ಕಕ್ಕೆ ತಿರುಗಿಸಿದರೆ ಬಾಗಿಲಿನ ನೇರಕ್ಕೆ ಬಂದು ನಿಲ್ಲುತ್ತದೆ. ನಮ್ಮದರಲ್ಲಿ ಬಾಗಿಲೂ ಕಡ್ಡಿಯೂ ಎರಡೂ ಹಿಡಿದುಬಿಟ್ಟಿದ್ದವು. ನನಗೆ ಕೈ ತಡೆಯಲಿಲ್ಲ, ಉಗುರು ಹಾಕಿದೆ. ಮಿಸ್ತ್ರಿ ತಡೆದರು. ‘ಜಗ್ಗಬ್ಯಾಡ್ರಿ ಸರ. ಎಣ್ಣಿ ತನ್ನ ಕೆಲಸಾ ಮಾಡಲಿ, ನಾವು ಚಾ ಕುಡಿಯೂಣು.’ ನಳಿಗೆಯ ಬಾಯಿ ಗೋಡೆಯ ಕಡೆ ಇಟ್ಟು, ಸಂದುಗಳಿಗೆ ಸೀಮೆಎಣ್ಣೆ ಬೆರೆಸಿದ ತೆಳು ಎಣ್ಣೆ ಬಿಟ್ಟು, ರಾತ್ರಿಯೆಲ್ಲ ಬಿಟ್ಟೆವು. ಮರುದಿನ ಬಾಗಿಲು ಹೆಬ್ಬೆರಳಿನ ಒತ್ತಡಕ್ಕೇ ತೆರೆಯಿತು. ಸಿಲಿಂಡರಿನಲ್ಲಿ ತೋಟಾ ಕೂರುವ ಐದೂ ಕೋಣೆ ಖಾಲಿ.

ಒಳಗಿದ್ದ ಜಿಡ್ಡಿನ ಬಗ್ಗೆ ಹೇಳಬೇಕು. ನಮ್ಮ ಮನೆಗಳಲ್ಲಿ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುವುದು ರೂಢಿ. ಅಪ್ಪನೂ ದೀಪಾವಳಿಯ ಆಯುಧಪೂಜೆ ಹತ್ತಿರ ಬಂದಾಗ ಅದನ್ನೇ ಹಚ್ಚುತ್ತಿದ್ದರು. ಕೊಬ್ಬರಿ ಎಣ್ಣೆ ಅಗಸೆ ಎಣ್ಣೆಯ ಹಾಗೆ ಒಣಗಿ ಪೊರೆ ಕಟ್ಟುವುದಿಲ್ಲ ನಿಜ. ಆದರೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಶಿರಸಿಯ ಚಳಿಗಾಲದಲ್ಲಿ ಅಷ್ಟು ಸಾಕು. ಹಳತಾದಂತೆ ಕಮಟಿ, ಕೊಬ್ಬಿನ ಆಮ್ಲ ಬಿಟ್ಟುಕೊಳ್ಳುತ್ತದೆ. ಧೂಳು ಹಿಡಿಯುತ್ತದೆ. ಹಿಡಿಯ ಮರ ತೆಗೆದು ನೋಡಿದರೆ ಸ್ಪ್ರಿಂಗಿನ ಸುತ್ತ ಕಂದು ಮೇಣ ಕಟ್ಟಿಕೊಂಡಿತ್ತು. ಬಿದಿರು ಕಡ್ಡಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ಬ್ರಶ್ಶು ಅದ್ದಿ ತೊಳೆದದ್ದು. ಆ ಜಿಡ್ಡೇ ಒಳಗಿನ ಉಕ್ಕನ್ನು ಇಷ್ಟು ವರ್ಷ ಕಾಪಾಡಿತು ಎಂಬುದೂ ಸತ್ಯ. ಹೊರಗಿನ ತುಕ್ಕು ಒಳಗೆ ಎಲ್ಲೂ ಇರಲಿಲ್ಲ.

ಹೊರಗಿನದು ಬೇರೆ ಕಥೆ. ನಿಕ್ಕಲ್ ಲೇಪನ ಒಂದು ಸಣ್ಣ ಗೀರು ಬೀಳುವ ತನಕ ಚೆನ್ನಾಗಿ ಕಾಯುತ್ತದೆ. ಗೀರಿನೊಳಗೆ ತೇವ ಹೋದರೆ ತುಕ್ಕು ಲೇಪನದ ಅಡಿಯಲ್ಲೇ ಹರಡಿ, ಮೇಲಿನ ಪದರವನ್ನು ಹೊಪ್ಪಳೆಯಾಗಿ ಎತ್ತುತ್ತದೆ. ಕಾರವಾರದ ಗಾಳಿಯಲ್ಲಿ ಉಪ್ಪು ಇದೆ. ಉಪ್ಪಿನ ಕ್ಲೋರೈಡ್ ತುಕ್ಕನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ. ಅದರ ಮೇಲೆ, ಇಷ್ಟು ವರ್ಷ ಇದು ಇದ್ದದ್ದು ಚರ್ಮದ ಚೀಲದೊಳಗೆ. ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಿದ ಆಮ್ಲವೂ ಅದರಲ್ಲಿ ಉಳಿದಿರುತ್ತದೆ. ಚೀಲಕ್ಕೆ ತಾಗಿಕೊಂಡಿದ್ದ ಎಡ ಮಗ್ಗುಲೇ ಹೆಚ್ಚು ಹಾಳಾಗಿತ್ತು.

ಏನು ಹಚ್ಚಬೇಕು ಎಂಬುದಕ್ಕೆ ನೆಂಟರಿಷ್ಟರ ಸಲಹೆಗೆ ಕೊರತೆ ಇರಲಿಲ್ಲ. ದೇವರ ಪಾತ್ರೆಗೆ ಹಾಕುವ ಹುಣಸೆಹುಳಿ, ವಾಟೆಹುಳಿ, ಬ್ರಾಸೊ, ಮರಳುಕಾಗದ, ಕೊನೆಗೆ ‘ಹೊಸದಾಗಿ ನಿಕ್ಕಲ್ ಹಾಕಿಸಿಬಿಡು’. ಹುಳಿ ತುಕ್ಕನ್ನೂ ತಿನ್ನುತ್ತದೆ, ಅಡಿಯ ಉಕ್ಕನ್ನೂ ತಿನ್ನುತ್ತದೆ. ಬ್ರಾಸೊದಂಥ ಪಾಲಿಶಿನಲ್ಲಿ ಅಮೋನಿಯಾ ಇದೆ. ನಿಕ್ಕಲ್ಲಿನ ಅಡಿ ಹಲವು ಸಲ ತಾಮ್ರದ ಪದರ ಇರುವುದರಿಂದ, ಅಮೋನಿಯಾ ಬಿರುಕಿನಲ್ಲಿ ಇಳಿದು ತಾಮ್ರವನ್ನು ಕರಗಿಸಿ ಉಳಿದ ಲೇಪನವನ್ನೂ ಎಬ್ಬಿಸುತ್ತದೆ. ಮರಳುಕಾಗದ, ಬಫಿಂಗ್ ಚಕ್ರ ಇವಂತೂ ಅಕ್ಷರಗಳನ್ನೇ ಅಳಿಸಿಬಿಡುತ್ತವೆ. ಹಳೆಯ ಆಯುಧದ ಮೇಲಿನ ಒತ್ತುಗುರುತುಗಳ ಆಳ ಕೂದಲೆಳೆಯಷ್ಟು. ಅವು ಹೋದರೆ ಕೈಯಲ್ಲಿ ಉಳಿಯುವುದು ಹೊಳೆಯುವ ಕಬ್ಬಿಣ ಮಾತ್ರ. ಆಯಿಯೇ ಸರಿಯಾಗಿ ಹೇಳಿದ್ದಳು: ‘ಹೊಳಪು ಎಂತಕ್ಕೆ ತಮಾ? ಮುಂದೆ ಹಾಳಾಗ್ದೇ ಇದ್ರೆ ಸಾಕು.’

ನಾವು ಬಳಸಿದ್ದು ತೀರ ಸಾದಾ ಸಾಮಾನು. ಹೊಲಿಗೆ ಮಷಿನ್ ಎಣ್ಣೆ, ಹಳೆ ಹತ್ತಿ ಬಟ್ಟೆ, ಬಿದಿರು ಕಡ್ಡಿ, ಮತ್ತೆ ಹಳೆ ಪ್ಲಗ್ಗಿನ ಹಿತ್ತಾಳೆ ಪಿನ್ನನ್ನು ಅರದಿಂದ ತಿಕ್ಕಿ ಉಳಿಯ ಬಾಯಿ ಮಾಡಿಕೊಂಡ ಒಂದು ಕೆರೆಗಡ್ಡಿ. ಹಿತ್ತಾಳೆ ಉಕ್ಕಿಗಿಂತ ಮೆದು, ಹಾಗಾಗಿ ಗೀರು ಬೀಳುವುದಿಲ್ಲ. ಎಣ್ಣೆಯಲ್ಲಿ ನೆನೆದ ತುಕ್ಕಿನ ಗುಬುಟು ಮಾತ್ರ ಎದ್ದು ಬರುತ್ತದೆ. ನಿಕ್ಕಲ್ ಪೂರ್ತಿ ಹೋದ ಕಡೆ ಮಾತ್ರ ನಾಲ್ಕು ಸೊನ್ನೆಯ, ಅಂದರೆ ತೀರ ನಯವಾದ ಉಕ್ಕಿನ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ ಹಗುರವಾಗಿ ಆಡಿಸಿದ್ದು. ಲೇಪನದ ಅಂಚಿಗೆ ಅದನ್ನು ತಾಗಿಸಲೇ ಇಲ್ಲ. ಕೆಂಪು ಪುಡಿ ಹೋದ ಮೇಲೆ ಅಡಿಯಲ್ಲಿ ಕಪ್ಪು ಕಲೆ ಉಳಿಯುತ್ತದೆ. ಅದು ಗಟ್ಟಿಯಾಗಿ ಕೂತ ಕಪ್ಪು ಆಕ್ಸೈಡು, ಬೆಳೆಯುವುದಿಲ್ಲ. ಅದನ್ನು ಹಾಗೇ ಬಿಟ್ಟೆವು. ಕೆಂಪು ನಿಂತರೆ ಕೆಲಸ ನಿಲ್ಲಬೇಕು ಎಂಬುದು ಮಿಸ್ತ್ರಿಯ ಲೆಕ್ಕ, ನನ್ನದೂ ಅದೇ ಆಯಿತು.

ಮೊದಲು ಕಣ್ಣಿಗೆ ಬಿದ್ದದ್ದು ಸಿಲಿಂಡರಿನ ಮೇಲಿನ ಪಟ್ಟಿಯ ಅಕ್ಷರ. ಅಲ್ಲಿ ಇಂಗ್ಲಿಷಿನ ‘ಬ್ರಿಟಿಷ್’ ಎಂಬ ಪದದ ಬಾಲ ಮಾತ್ರ ಮೊದಲಿಂದ ಕಾಣುತ್ತಿತ್ತು. ಅದನ್ನು ನೋಡಿಯೇ ‘ಇಂಗ್ಲೆಂಡ್’ ಎಂದು ಯಾರೋ ಬರೆದಿರಬೇಕು. ತುಕ್ಕು ಬಿಟ್ಟಾಗ ಪೂರ್ತಿ ಸಾಲು ಎದ್ದಿತು: ಬ್ರಿಟಿಷ್ ಬುಲ್ ಡಾಗ್. ವೆಬ್ಲಿ ಎಂಬ ಹೆಸರು ಎಲ್ಲಿಯೂ ಇಲ್ಲ.

ಬ್ರಿಟಿಷ್ ಬುಲ್ ಡಾಗ್ ಎಂಬುದು ಬರ್ಮಿಂಗ್‌ಹ್ಯಾಮಿನ ವೆಬ್ಲಿಯವರು 1872ರಲ್ಲಿ ತಂದ ಕಿಸೆ ರಿವಾಲ್ವರ್. ಗಿಡ್ಡ ನಳಿಗೆ, ಐದು ಗುಂಡು, ದೊಡ್ಡ ಬೋರು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ಮೇಲೆ ಗುಂಡು ಹಾರಿಸಿದ್ದು ಇದೇ ಜಾತಿಯದರಿಂದ. ಎಷ್ಟು ಹೆಸರು ಮಾಡಿತೆಂದರೆ ಬೆಲ್ಜಿಯಂ, ಅಮೆರಿಕ ಎಲ್ಲ ಕಡೆ ಇದರ ನಕಲು ಹುಟ್ಟಿ, ಹೆಸರನ್ನೂ ಸೇರಿಸಿ ಮಾರಾಟವಾದವು. ಆದ್ದರಿಂದ ಹೆಸರು ಏನನ್ನೂ ಸಾಬೀತು ಮಾಡುವುದಿಲ್ಲ. ಸಾಬೀತು ಮಾಡುವುದು ಪರೀಕ್ಷಾ ಮುದ್ರೆ.

ಯುರೋಪಿನ ಹಲವು ದೇಶಗಳಲ್ಲಿ ತಯಾರಾದ ಬಂದೂಕನ್ನು ಮಾರುವ ಮೊದಲು ಸರ್ಕಾರ ಒಪ್ಪಿದ ಪರೀಕ್ಷಾಲಯದಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ಹಾಕಿ ಈಡು ಹೊಡೆದು ನೋಡುತ್ತಾರೆ. ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರದ್ದು. ಅಲ್ಲಿ ಪಾಸಾಗಿದ್ದರೆ ಆ ಕಾಲದ ಮುದ್ರೆಯಲ್ಲಿ ಅಡ್ಡಡ್ಡ ಇಟ್ಟ ಎರಡು ರಾಜದಂಡ, ಮೇಲೊಂದು ಕಿರೀಟ ಇರಬೇಕು. ನಮ್ಮದರಲ್ಲಿ ಅದನ್ನು ಹುಡುಕುತ್ತ ಹೋದೆ. ನಳಿಗೆಯ ಮೇಲೆ ಇಲ್ಲ, ಚೌಕಟ್ಟಿನ ಮೇಲೆ ಇಲ್ಲ. ಸಿಲಿಂಡರ್ ಕೈಲಿ ಹಿಡಿದು ಅದರ ಮುಂಬದಿಯ ಮಸಿಯನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದಾಗ, ಎರಡು ಕೋಣೆಗಳ ನಡುವೆ, ಅಕ್ಕಿಕಾಳಿನಷ್ಟು ಜಾಗದಲ್ಲಿ ಏನೋ ಕಂಡಿತು. ಮೇಲಿಂದ ನೇರ ಬೆಳಕು ಬಿಟ್ಟರೆ ಕಾಣುವುದಿಲ್ಲ. ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ ಓರೆ ಬೆಳಕು ಬಿಟ್ಟು, ಗಡಿಯಾರ ರಿಪೇರಿಯವರ ಹತ್ತು ಪಟ್ಟಿನ ಮಸೂರ ಹಿಡಿದೆ. ಮೊಟ್ಟೆಯಾಕಾರದ ಒಂದು ಗೆರೆ. ಒಳಗೆ ಇಂಗ್ಲಿಷಿನ ಇ, ಎಲ್, ಜಿ ಮೂರು ಅಕ್ಷರ: ಮೇಲೆ ಇ, ಅದರಡಿ ಎಲ್ ಮತ್ತು ಜಿ, ಎಲ್ಲದರ ಅಡಿ ನಕ್ಷತ್ರ. ಮೊಟ್ಟೆಯ ತಲೆಯ ಮೇಲೆ ಕಿರೀಟ. ಪಕ್ಕದಲ್ಲಿ, ನಕ್ಷತ್ರ ಹೊತ್ತ ಇನ್ನೊಂದು ಒಂಟಿ ಅಕ್ಷರ.

ಅದು ಬೆಲ್ಜಿಯಂನ ಲಿಯೇಜ್ ಪರೀಕ್ಷಾಲಯದ ಮುದ್ರೆ. ಆ ಮೊಟ್ಟೆಯ ಮೇಲೆ ಕಿರೀಟ ಸೇರಿದ್ದು 1893ರಿಂದ. ನಕ್ಷತ್ರದಡಿಯ ಅಕ್ಷರ ಪರೀಕ್ಷಕರ ಗುರುತು. ನಳಿಗೆಯ ಅಡಿ ಮತ್ತೊಂದು ಕಿರೀಟ, ಅದರಡಿ ಆರ್ ಅಕ್ಷರ. ಇದು ಒಳಗೆ ತಿರುಗು ಗೆರೆ ಕೊರೆದ ನಳಿಗೆಗೆ 1894ರಿಂದ ಹಾಕತೊಡಗಿದ್ದು. 1920ರ ದಶಕದಿಂದ ಲಿಯೇಜಿನವರು ವರ್ಷ ಸೂಚಿಸುವ ಅಕ್ಷರವನ್ನೂ ಒತ್ತುತ್ತಿದ್ದರು, ಅದು ನಮ್ಮದರಲ್ಲಿ ಇಲ್ಲ. ಅಲ್ಲಿಗೆ ಕಾಲ ಎರಡು ಗಡಿಗಳ ನಡುವೆ ಸಿಕ್ಕಿತು: 1894ಕ್ಕಿಂತ ಹಿಂದಿನದಲ್ಲ, 1920ರ ದಶಕ ದಾಟಿದ್ದಲ್ಲ.

ಇದು ಗೊತ್ತಾದಾಗ ಮನೆಯಲ್ಲಿ ಕೆಲವರಿಗೆ ‘ಅಯ್ಯೋ, ನಕಲಿಯಾ?’ ಎಂದು ಬೇಸರ. ನನಗೆ ಹಾಗೆ ಅನ್ನಿಸಲಿಲ್ಲ. ಲಿಯೇಜ್ ಸುತ್ತಮುತ್ತ ಬಂದೂಕು ಎಂಬುದು ದೊಡ್ಡ ಕಾರ್ಖಾನೆಗಿಂತ ಮೊದಲು ಮನೆಮನೆಯ ಕಸುಬು. ಒಬ್ಬರ ಮನೆಯಲ್ಲಿ ನಳಿಗೆ ಕೊರೆದರೆ ಇನ್ನೊಬ್ಬರ ಮನೆಯಲ್ಲಿ ಸಿಲಿಂಡರ್ ಅರ ಹಾಕಿ ಕೂರಿಸುತ್ತಿದ್ದರು, ವ್ಯಾಪಾರಿ ಎಲ್ಲ ಕೂಡಿಸಿ ಮಾರುತ್ತಿದ್ದ. ಹಿಡಿಯ ಮರದಡಿ ಚೌಕಟ್ಟಿನ ಮೇಲೆ ಅರದ ಗೆರೆಗಳು ಇನ್ನೂ ಹಾಗೇ ಇವೆ, ಒಂದೇ ಕೋನದಲ್ಲಿ, ಎಲ್ಲೂ ತಡವರಿಸದೆ. ನೋಡದ ಜಾಗದಲ್ಲೂ ಅಷ್ಟು ಅಚ್ಚುಕಟ್ಟು. ಹೀಗೆ ಬೇರೆ ಬೇರೆ ಕೈಯಲ್ಲಿ ಓಡಾಡುವ ಬಿಡಿಭಾಗ ಅದಲುಬದಲಾಗಬಾರದೆಂದು ಎಲ್ಲದಕ್ಕೂ ಒಂದೇ ನಂಬರ್ ಒತ್ತುತ್ತಿದ್ದರು. ನಮ್ಮ ನಂಬರಿನ ಗಂಟು ಬಿಡಿಸಿದ್ದು ಅದೇ. ಹೊರಗೆ ಚೌಕಟ್ಟಿನ ಮೇಲೆ ಕೊನೆಯ ಅಂಕಿಯ ತಲೆ ತುಕ್ಕಿಗೆ ತಿಂದುಹೋಗಿ 1ರ ಹಾಗೆ ಕಾಣುತ್ತಿತ್ತು. ಮರದಡಿ, ಗಾಳಿ ತಾಗದ ಜಾಗದಲ್ಲಿ, ಅದೇ ನಂಬರ್ ನಿಚ್ಚಳವಾಗಿತ್ತು. ಸಿಲಿಂಡರಿನ ಹಿಂಬದಿಯಲ್ಲೂ ಅದೇ. ಕೊನೆಯ ಅಂಕಿ 7. ಬೆಣ್ಣೆಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಮೂರರದ್ದೂ ಅಚ್ಚು ತೆಗೆದು ಡೀಲರ್ ಸಹಿ ಹಾಕಿಸಿಕೊಂಡೆ.

ಉಳಿದದ್ದು ಬೋರಿನ ಪ್ರಶ್ನೆ. ಪುಸ್ತಕದಲ್ಲಿ .32 ಎಂದಿದೆ. ಈಗ ಅಂಗಡಿಯಲ್ಲಿ .32 ರಿವಾಲ್ವರಿಗೆ ಸಿಗುವುದು ಸ್ಮಿತ್ ಅಂಡ್ ವೆಸನ್ ಲಾಂಗ್, 1896ರಲ್ಲಿ ಬಂದ ಅಳತೆ. ಆ ತೋಟಾದ ಕೊಳವೆಯ ವ್ಯಾಸ 8.5 ಮಿ.ಮೀ. ಚಿಲ್ಲರೆ. ಮಿಸ್ತ್ರಿ ಡಮ್ಮಿ ತೋಟಾ ಹಾಕಿ ನೋಡಿದರು, ಬಾಯಲ್ಲೇ ನಿಂತಿತು. ವರ್ನಿಯರ್ ಹಿಡಿದರೆ ಕೋಣೆಯ ವ್ಯಾಸ 8.2 ಹತ್ತಿರ. ಇದು ಹಳೆಯ .320 ರಿವಾಲ್ವರ್ ಎಂಬ ತೋಟಾಕ್ಕೆ ಮಾಡಿದ್ದು, ಕಪ್ಪು ಮದ್ದಿನ ಕಾಲದ ಅಳತೆ. ಹೆಸರು ಹೆಚ್ಚುಕಡಿಮೆ ಒಂದೇ, ವಸ್ತು ಬೇರೆ. ಕೋಣೆ ಸ್ವಲ್ಪ ಕೊರೆಸಿದರೆ ಈಗಿನ ತೋಟಾ ಕೂರುತ್ತದೆ ಎಂದು ಹೇಳುವವರು ಸಿಗುತ್ತಾರೆ. ಕೇಳಲೇಬಾರದು. ಕೋಣೆಯ ಗೋಡೆ ಇನ್ನಷ್ಟು ತೆಳುವಾಗಿ, ಕಪ್ಪು ಮದ್ದಿನ ಒತ್ತಡಕ್ಕೆ ಮಾಡಿದ ಉಕ್ಕಿನೊಳಗೆ ಈಗಿನ ಮದ್ದು ಸಿಡಿಯುತ್ತದೆ.

ಯಂತ್ರವೂ ಈಡಿಗೆ ಯೋಗ್ಯವಿಲ್ಲ. ಟ್ರಿಗರ್ ಎಳೆದಾಗ ಒಳಗಿನ ಒಂದು ಕೈ ಸಿಲಿಂಡರಿನ ಹಿಂದಿನ ಹಲ್ಲನ್ನು ಮೇಲಕ್ಕೆ ದೂಡುತ್ತದೆ. ಸಿಲಿಂಡರ್ ಐದರಲ್ಲೊಂದು ಪಾಲು, ಅಂದರೆ 72 ಡಿಗ್ರಿ ತಿರುಗಬೇಕು, ಕೋಣೆ ನಳಿಗೆಯ ನೇರಕ್ಕೆ ಬಂದು ಬೀಗ ಬೀಳಬೇಕು, ಆಗ ಕುದುರೆ, ಅಂದರೆ ತೋಟಾ ಸಿಡಿಸುವ ಸುತ್ತಿಗೆ, ಬಡಿಯಬೇಕು. ನಮ್ಮದರಲ್ಲಿ ಆ ಕೈ ಸವೆದಿದೆ. ಮಿಸ್ತ್ರಿ ನಳಿಗೆಯ ಬಾಯಿಂದ ಹಿತ್ತಾಳೆ ಸರಳು ಇಳಿಸಿ ತೋರಿಸಿದರು. ನಾಲ್ಕು ಕೋಣೆಗೆ ಸಲೀಸಾಗಿ ಇಳಿಯಿತು, ಐದನೆಯದಕ್ಕೆ ಅಂಚಿಗೆ ತಾಗಿ ಟಕ್ ಎಂದು ನಿಂತಿತು. ಗುಂಡು ಹೊರಟರೆ ಅದೇ ಅಂಚಿಗೆ ಬಡಿಯುತ್ತದೆ. ‘ಕೈಗೆ ಬೆಸುಗಿ ಹಾಕಿ ತಿದ್ದಬಹುದು. ಮಾಡ್ಲೇನು?’ ಎಂದು ಕೇಳಿದರು. ಬೇಡ ಎಂದೆ. ಸವೆತವೂ ಅಜ್ಜನ ಕಾಲದ್ದು. ಹೊಡೆಯದ ಆಯುಧಕ್ಕೆ ಆ ರಿಪೇರಿಯಿಂದ ಏನೂ ಸಿಗುವುದಿಲ್ಲ.

ಹಾಗಾದರೆ ಲೈಸೆನ್ಸ್ ಯಾಕೆ ಎಂದು ಹಲವರು ಕೇಳಿದ್ದಾರೆ. ಹಳೇದು, ಹೊಡೆಯುವುದಿಲ್ಲ, ಗೋಡೆಗೆ ತೂಗುಹಾಕು ಎನ್ನುತ್ತಾರೆ. ಕಾಯ್ದೆಯ 45ನೇ ಕಲಮಿನಲ್ಲಿ ಪುರಾತನ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿಯಾಗಲಿ ಮಾಡದೆಯಾಗಲಿ ಬಂದೂಕಾಗಿ ಬಳಸಲು ಬಾರದಂತಿರಬೇಕು ಎಂಬ ಮಾತು ಅಲ್ಲೇ ಇದೆ. ಒಂದು ಬೆಸುಗೆಗೆ ಸರಿಯಾಗುವ ನಮ್ಮದಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಕೊರೆದು, ಬೆಸೆದು ಶಾಶ್ವತವಾಗಿ ನಿಷ್ಕ್ರಿಯ ಮಾಡಿಸುವ ದಾರಿ ಇದೆ. ಆ ಮುದ್ರೆಗಳನ್ನು ಕಂಡ ಮೇಲೆ ಅದರ ಮೇಲೆ ಡ್ರಿಲ್ ಇಡಿಸಲು ನನಗೆ ಮನಸ್ಸಿಲ್ಲ. ಲೈಸೆನ್ಸಿನ ಖರ್ಚು, ಓಡಾಟ ಎರಡೂ ನನಗೆ ಒಪ್ಪಿಗೆ. ತೋಟಾ ಮಾತ್ರ ಕೊಳ್ಳುವುದಿಲ್ಲ.

ಹಿಡಿಯ ಮರ ಅಕ್ರೋಟದ್ದು. ಚೌಕುಳಿ ಕೆತ್ತನೆ ಅಜ್ಜನ ಬೆರಳು ಕೂರುತ್ತಿದ್ದ ಕಡೆ ನುಣುಪಾಗಿದೆ. ಸ್ಕ್ರೂ ಹತ್ತಿರ ಕೂದಲಿನಷ್ಟು ಸೀಳು. ಮೆದು ಬ್ರಶ್ಶಿನಿಂದ ಧೂಳು ತೆಗೆದು, ಹಸಿ ಅಗಸೆ ಎಣ್ಣೆ ಬೆರಳಲ್ಲಿ ತೀರ ತೆಳುವಾಗಿ ಸವರಿ, ಒರೆಸಿ ಒಣಗಿಸಿದ್ದಷ್ಟೆ. ಸ್ಕ್ರೂ ಬಿಗಿಯುವಾಗ ಮಿಸ್ತ್ರಿ ಕಾಲು ಸುತ್ತು ಕಡಿಮೆಯೇ ಬಿಟ್ಟರು, ಸೀಳು ಮುಂದೆ ಓಡದಿರಲಿ ಎಂದು.

ಕೊನೆಗೆ ಲೋಹದ ಮೈಗೆಲ್ಲ ಮೇಣ. ಎಣ್ಣೆ ನಮ್ಮ ಮಳೆಗಾಲ ತಡೆಯುವುದಿಲ್ಲ, ಹರಿದುಹೋಗುತ್ತದೆ, ಬೆರಳಿನ ಉಪ್ಪಿಗೂ ಅಡ್ಡವಾಗುವುದಿಲ್ಲ. ವಸ್ತುಸಂಗ್ರಹಾಲಯದವರು ಬಳಸುವ ರೆನೈಸಾನ್ಸ್ ಮೇಣ ತರಿಸಿದೆ, ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥ ಕೆಲಸಕ್ಕೆಂದೇ ರೂಪಿಸಿದ್ದು. ಹೇರ್ ಡ್ರೈಯರಿನಿಂದ ಲೋಹವನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡು ಹಚ್ಚಿದರೆ ಹೊಂಡದೊಳಗೂ ಇಳಿಯುತ್ತದೆ. ನೂಲಿನ ಕೈಗವಸು ಹಾಕದೆ ಆಮೇಲೆ ಮುಟ್ಟಬಾರದು. ಚರ್ಮದ ಚೀಲವನ್ನು ಬೇರೆಯೇ ಎತ್ತಿಟ್ಟಿದ್ದೇನೆ. ರಿವಾಲ್ವರ್ ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಚೀಲ. ಜೆಲ್ಲಿನ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಮತ್ತೆ ಇಡುವುದು. ಆಷಾಢದಲ್ಲಿ ಇದನ್ನು ಪದೇ ಪದೇ ಮಾಡಬೇಕಾಗುತ್ತದೆ.

ಹೊಸ ಲೈಸೆನ್ಸ್ ನನ್ನ ಹೆಸರಿಗೆ ಬಂದಿದೆ, ನಂಬರ್ ಸರಿಯಾಗಿದೆ. ತಯಾರಿಕೆಯ ಕಾಲಂನಲ್ಲಿ ಮಾತ್ರ ಹಳೆ ಪುಸ್ತಕದ ‘ವೆಬ್ಲಿ, ಇಂಗ್ಲೆಂಡ್’ ಹಾಗೇ ನಕಲಾಗಿತ್ತು. ಪೆನ್ಸಿಲ್ ಅಚ್ಚು, ಓರೆ ಬೆಳಕಿನಲ್ಲಿ ತೆಗೆದ ಮುದ್ರೆಯ ಫೋಟೊ, ಡೀಲರ್ ಪತ್ರ ಮೂರನ್ನೂ ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದೇನೆ: ಬುಲ್ ಡಾಗ್ ಮಾದರಿ, .320, ಲಿಯೇಜ್, ಬೆಲ್ಜಿಯಂ. ಅದರ ಒಂದು ಪ್ರತಿಯನ್ನು ಅಪ್ಪ ಪಿನ್ನು ಹಾಕಿಟ್ಟ ರಸೀದಿಗಳ ಕಟ್ಟಿಗೇ ಸೇರಿಸಿದ್ದೇನೆ. ಮುಂದಿನ ಚುನಾವಣೆಗೆ ಠಾಣೆಯಲ್ಲಿ ಬರೆದುಕೊಳ್ಳುವವರಿಗೆ ತೋರಿಸಲು ಬೇಕಾಗುತ್ತದೆ.